ಅಮ್ಮನ ಸೋಬಾನೆ ಪದಕ್ಕೆ ಗಿಟಾರ್: ಆಂಪ್ ಸಿಮ್ ಹೋಲಿಕೆ, ಐದನೇ ವಾರದವರೆಗೆ

ನನ್ನ ಅಮ್ಮನಿಗೆ ಮೂವತ್ತಕ್ಕೂ ಜಾಸ್ತಿ ಸೋಬಾನೆ ಪದ ಬಾಯಿಗೆ ಬರುತ್ತವೆ. ಎಲ್ಲ ಅಜ್ಜಿಯಿಂದ ಕಲಿತದ್ದು. ಒಂದೂ ಕಾಗದದ ಮೇಲಿಲ್ಲ. ಅರಿಶಿನ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಹೆಣ್ಣು ಒಪ್ಪಿಸುವಾಗ ಇನ್ನೊಂದು. ಅವನ್ನೆಲ್ಲ ರೆಕಾರ್ಡ್ ಮಾಡಿ ಇಡಬೇಕು, ಅದರಲ್ಲಿ ಐದಾರು ಪದಕ್ಕಾದರೂ ಹಿಂದೆ ತೆಳ್ಳಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಮನೆಯಲ್ಲಿ ಆಂಪ್ (ಎಲೆಕ್ಟ್ರಿಕ್ ಗಿಟಾರಿನ ದನಿ ಜೋರು ಮಾಡುವ ಆಂಪ್ಲಿಫೈಯರ್) ಇಲ್ಲ. ಇದ್ದರೂ ಪ್ರಯೋಜನ ಇಲ್ಲ. ನಮ್ಮದು ದಾವಣಗೆರೆ ವಿನೋಬನಗರದಲ್ಲಿ ಪಕ್ಕದ ಮನೆಗೆ ಗೋಡೆ ತಾಗಿದ ಮನೆ. ಟ್ಯೂಬ್ ಆಂಪ್ ಅನ್ನು ಚೆನ್ನಾಗಿ ಜೋರು ಮಾಡಿದಾಗಲೇ ಅದರ ನಿಜವಾದ ದನಿ ಬರುವುದು, ಅಷ್ಟು ಜೋರು ಇಲ್ಲಿ ಆಗದ ಮಾತು. ಹಾಗಾಗಿ ಗಿಟಾರಿನ ಕೇಬಲ್ ನೇರ ಇಂಟರ್‌ಫೇಸ್‌ಗೆ (ಗಿಟಾರಿನ ಸಿಗ್ನಲ್ಲನ್ನು ಲ್ಯಾಪ್‌ಟಾಪ್‌ಗೆ ತಿಳಿಯುವ ಹಾಗೆ ಮಾಡುವ ಪೆಟ್ಟಿಗೆ), ಅಲ್ಲಿಂದ ಲ್ಯಾಪ್‌ಟಾಪ್‌ಗೆ, ಆಂಪ್ ಮಾತ್ರ ಸಾಫ್ಟ್‌ವೇರ್‌ನಲ್ಲಿ. ಆಂಪಿನ ದನಿಯನ್ನು ನಕಲು ಮಾಡುವ ಈ ಸಾಫ್ಟ್‌ವೇರ್‌ಗೇ ಆಂಪ್ ಸಿಮ್ ಅನ್ನುವುದು. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಮೈಕ್ ಇಲ್ಲ, ಅಂದರೆ ಕುಕ್ಕರ್ ಕೂಗಿದರೂ, ರೈಲಿನ ಹಾರ್ನ್ ಕೇಳಿದರೂ ಗಿಟಾರ್ ಟ್ರ್ಯಾಕ್‌ಗೆ ಏನೂ ಆಗುವುದಿಲ್ಲ.

ಈ ದಾರಿ ಹೊಸದಲ್ಲ. ಆಂಪಿನ ದನಿ ನಕಲು ಮಾಡುವ ಪೆಟ್ಟಿಗೆಗಳು ಮೊದಲೇ ಇದ್ದವು. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬಂದದ್ದು 1989ರಲ್ಲಿ. ಲೈನ್ 6 ನ ಕೆಂಪು ಪಾಡ್ ಬಂದದ್ದು 1998ರಲ್ಲಿ. ಆಗ ಪೆಟ್ಟಿಗೆಯಲ್ಲಿದ್ದದ್ದು ಈಗ ಲ್ಯಾಪ್‌ಟಾಪ್‌ನಲ್ಲಿದೆ, ಅದರಲ್ಲೂ ಬೇಕಾದಷ್ಟು ಪುಕ್ಕಟೆ ಸಿಗುತ್ತದೆ. ಯಾವುದು ಬೇಕು ಅನ್ನುವುದೇ ಪ್ರಶ್ನೆ.

ನನ್ನ ಹತ್ತಿರ ಇರುವುದು: ಸ್ಟ್ರಾಟ್ ಥರದ ಎಲೆಕ್ಟ್ರಿಕ್ ಗಿಟಾರ್, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ, ಒಂದೇ ಸುರುಳಿಯ ಭಾಗ). ಎರಡು ಇನ್‌ಪುಟ್‌ನ ಇಂಟರ್‌ಫೇಸ್. ಹಳೇ ಲ್ಯಾಪ್‌ಟಾಪ್, 8 ಜಿಬಿ. ರೆಕಾರ್ಡಿಂಗ್‌ಗೆ ರೀಪರ್ ಅನ್ನುವ ಸಾಫ್ಟ್‌ವೇರ್.

ಮೊದಲ ವಾರ

ಇಡೀ ವಾರ ಗೊರ್ ಸದ್ದು ಹುಡುಕುವುದರಲ್ಲೇ ಹೋಯಿತು. ಆಂಪ್ ಸಿಮ್‌ವರೆಗೆ ಹೋಗಲೇ ಇಲ್ಲ.

ಮೊದಲು ದನಿ ಮಂಕಾಗಿತ್ತು, ಕಂಬಳಿ ಹೊದಿಸಿದ ಹಾಗೆ. ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಬಟನ್ ಒತ್ತಿರಲಿಲ್ಲ, ಲೈನ್‌ನಲ್ಲೇ ಇತ್ತು. ಗಿಟಾರ್ ಪಿಕಪ್ ಬಹಳ ಸಣ್ಣ ಸಿಗ್ನಲ್ ಕೊಡುತ್ತದೆ, ಅದನ್ನು ತಗೊಳ್ಳುವ ಇನ್‌ಪುಟ್‌ಗೆ ಸುಮಾರು 1 ಮೆಗಾಓಮ್ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ಇರಬೇಕು. ಲೈನ್ ಇನ್‌ಪುಟ್‌ನಲ್ಲಿ ಅದು ತುಂಬಾ ಕಡಿಮೆ, ಹಾಗಾಗಿ ಮೇಲಿನ ಹೊಳಪೆಲ್ಲ ಅಲ್ಲೇ ಸೋರಿಹೋಗುತ್ತದೆ. ಆಮೇಲೆ ಎಷ್ಟು ಟ್ರೆಬಲ್ ಏರಿಸಿದರೂ ವಾಪಸ್ ಬರುವುದಿಲ್ಲ. ಎರಡು ಸಂಜೆಯ ರೆಕಾರ್ಡಿಂಗ್ ಅಳಿಸಿದೆ.

ಬಟನ್ ಒತ್ತಿದ ಮೇಲೆ ಹೊಳಪು ಬಂತು, ಜೊತೆಗೆ ಗೊರ್ ಅನ್ನುವುದೂ ಬಂತು. ಚಾರ್ಜರ್ ಕಿತ್ತೆ. ಅರ್ಧ ಕಡಿಮೆಯಾಯಿತು. ಎರಡು ಪಿನ್ನಿನ ಚಾರ್ಜರ್, ಅರ್ಥಿಂಗ್ ಇಲ್ಲ. ಈಗ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುತ್ತೇನೆ. ಉಳಿದ ಅರ್ಧ ಎಲ್ಲಿಂದ ಬರುತ್ತಿದೆ ಅಂತ ಮೂರು ದಿನ ಗೊತ್ತಾಗಲಿಲ್ಲ. ಕೊನೆಗೆ ತಮ್ಮ ಸೆಖೆ ಅಂತ ಬಂದು ಫ್ಯಾನ್ ಪೂರ್ತಿ ಜೋರು ಮಾಡಿದ. ಸದ್ದು ಹೆಚ್ಚುಕಡಿಮೆ ನಿಂತೇ ಹೋಯಿತು! ನಮ್ಮ ಫ್ಯಾನ್‌ದು ಹಳೇ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಅದು ಕರೆಂಟಿನ ಅಲೆಯನ್ನು ಮಧ್ಯದಲ್ಲಿ ಕತ್ತರಿಸಿ ಫ್ಯಾನ್ ನಿಧಾನ ಮಾಡುತ್ತದೆ. ಆ ಕತ್ತರಿಸಿದ ಅಂಚೇ ಸಿಂಗಲ್ ಕಾಯಿಲ್‌ಗೆ ಗೊರ್ ಅಂತ ಕೇಳಿಸುವುದು. ಪೂರ್ತಿ ತಿರುಗಿಸಿದಾಗ ಕತ್ತರಿಸುವ ಕೆಲಸ ಇರುವುದಿಲ್ಲ. ಮಾರನೇ ದಿನ ಎಲೆಕ್ಟ್ರಿಷಿಯನ್ ಕರೆಸಿ ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದೆ. ದಾವಣಗೆರೆ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಎರಡು ಗಂಟೆ ಗಿಟಾರ್ ನುಡಿಸಲು ಆಗುವುದಿಲ್ಲ ಅಲ್ವಾ. ನಿಮ್ಮ ಮನೆಯಲ್ಲೂ ಹೀಗಿದ್ದರೆ ನಾಯ್ಸ್ ಗೇಟ್ (ಸದ್ದು ಸಣ್ಣದಾದಾಗ ಪೂರ್ತಿ ಮುಚ್ಚಿಬಿಡುವ ಸಾಫ್ಟ್‌ವೇರ್) ಹಾಕುವ ಮುಂಚೆ ಗೋಡೆಯ ಮೇಲಿನ ರೆಗ್ಯುಲೇಟರ್ ನೋಡಿ. ಗೇಟ್ ಹಾಕಿದರೆ ಸ್ವರದ ಬಾಲ ಕತ್ತರಿಸುತ್ತದೆ, ನನಗೆ ಬೇಕಾಗಿದ್ದೇ ಆ ಬಾಲ.

ಇನ್ನೂ ಉಳಿದ ಸಣ್ಣ ಹಮ್‌ಗೆ ಪಿಕಪ್ ಸ್ವಿಚ್ಚನ್ನು ನಾಲ್ಕನೇ ಜಾಗಕ್ಕೆ ಹಾಕಿದೆ, ಅಂದರೆ ಕುತ್ತಿಗೆ ಪಿಕಪ್ ಮತ್ತು ನಡುವಿನದು ಎರಡೂ ಸೇರಿ. ನನ್ನ ಗಿಟಾರಿನಲ್ಲಿ ನಡುವಿನ ಪಿಕಪ್ ಉಲ್ಟಾ ಸುತ್ತಿದ್ದು, ಹಾಗಾಗಿ ಎರಡೂ ಒಟ್ಟಿಗೆ ಇದ್ದಾಗ ಹಮ್ ಒಂದನ್ನೊಂದು ಹೊಡೆದುಹಾಕುತ್ತದೆ.

ಎರಡನೇ ವಾರ

ಹೋಲಿಕೆಗೆ ಒಂದೇ ಅಳತೆಗೋಲು ಬೇಕು ಅನ್ನಿಸಿತು. ಪ್ರತಿ ಸಿಮ್‌ಗೂ ಹೊಸದಾಗಿ ನುಡಿಸಿದರೆ ನಾವು ಹೋಲಿಸುವುದು ನಮ್ಮ ಕೈಯನ್ನು, ಸಿಮ್ಮನ್ನಲ್ಲ. ಅದಕ್ಕೆ 40 ಸೆಕೆಂಡಿನ ಒಂದು ಒಣ ಟ್ರ್ಯಾಕ್, ಅಂದರೆ ಆಂಪ್, ಎಫೆಕ್ಟ್ ಏನೂ ಇಲ್ಲದ ಬರೀ ಗಿಟಾರ್, ಮಾಡಿಕೊಂಡೆ. ಮೊದಲು ಬಿಡಿ ಬಿಡಿ ತಂತಿ, ಆಮೇಲೆ ಎರಡನೇ ತಂತಿಯಲ್ಲಿ ಐದನೇ ಮನೆಯಿಂದ (ಫ್ರೆಟ್) ಹನ್ನೆರಡರವರೆಗೆ ನಿಧಾನವಾಗಿ ಜಾರು, ಕೊನೆಗೆ ಆರೂ ತಂತಿ ಜೋರಾಗಿ.

ಜಾರು ಯಾಕೆ ಅಂದರೆ, ಅಮ್ಮ ಸ್ವರದಿಂದ ಸ್ವರಕ್ಕೆ ನೆಗೆಯುವುದಿಲ್ಲ, ಜಾರಿಕೊಂಡು ಹೋಗುತ್ತಾರೆ. ಗಿಟಾರ್ ಹಾಗೇ ಹೋಗಬೇಕು. ಪೂರ್ತಿ ಕ್ಲೀನ್ ದನಿಯಲ್ಲಿ ಜಾರು ಹನ್ನೆರಡನೇ ಮನೆ ಮುಟ್ಟುವಷ್ಟರಲ್ಲಿ ಸತ್ತುಹೋಗಿರುತ್ತದೆ. ಜಾಸ್ತಿ ಡಿಸ್ಟಾರ್ಷನ್ (ದನಿ ಒಡೆದು ಗೊಗ್ಗರಾಗುವುದು) ಇದ್ದರೆ ಉಳಿಯುತ್ತದೆ, ಆದರೆ ಸೋಬಾನೆಯ ಜೊತೆ ಅದು ಕೂರುವುದಿಲ್ಲ. ಇವೆರಡರ ಮಧ್ಯೆ ಒಂದು ಜಾಗ ಇದೆ. ಆಂಪ್ ಈಗಷ್ಟೇ ಒಡೆಯಲು ಶುರುವಾಗಿರುತ್ತದೆ, ಮೆಲ್ಲಗೆ ನುಡಿಸಿದರೆ ಕ್ಲೀನ್, ಸ್ವಲ್ಪ ಒತ್ತಿದರೆ ಗೊಗ್ಗರು. ಅಲ್ಲಿ ಆಂಪ್ ತಾನೇ ದನಿಯನ್ನು ಅದುಮಿ ಹಿಡಿಯುತ್ತದೆ, ಹಾಗಾಗಿ ಜಾರಿನ ಕೊನೆ ಉಳಿಯುತ್ತದೆ. ನನ್ನ ಹುಡುಕಾಟ ಪೂರ್ತಿ ಆ ಜಾಗಕ್ಕಾಗಿ.

ಹೋಲಿಕೆಗೆ ತಗೊಂಡ ಆಂಪ್ ಸಿಮ್ ಮೂರು. ನ್ಯೂರಲ್ ಆಂಪ್ ಮಾಡೆಲರ್, ಆಂಪ್ಲಿಟ್ಯೂಬ್‌ನ ಉಚಿತ ಆವೃತ್ತಿ, ಗಿಟಾರ್ ರಿಗ್ ಪ್ಲೇಯರ್. ಜೊತೆಗೆ ಹಳೇ ಉಚಿತ ಪ್ಲಗಿನ್ ಒಂದು, ಅದರ ಹೆಸರು ಬೇಡ. ಅದರಲ್ಲಿ ಗೇನ್ (ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು) ಏರಿಸಿ ಜಾರು ನುಡಿಸಿದಾಗ ಸ್ವರ ಮೇಲೆ ಹೋಗುತ್ತಿದ್ದರೆ ಹಿಂದೆ ಇನ್ನೊಂದು ಸಣ್ಣ ಸಿಳ್ಳೆ ಕೆಳಗೆ ಇಳಿಯುತ್ತಿತ್ತು. ಅಲಿಯಾಸಿಂಗ್. ಡಿಸ್ಟಾರ್ಷನ್ ಹುಟ್ಟಿಸುವ ಮೇಲಿನ ಸ್ವರಗಳು ಸ್ಯಾಂಪಲ್ ರೇಟಿನ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವುದು) ಅರ್ಧ ದಾಟಿದರೆ ಮಡಚಿಕೊಂಡು ಕೆಳಗೆ ಬರುತ್ತವೆ. ಇದನ್ನು ತಪ್ಪಿಸಲು ಒಳಗೆ ರೇಟ್ ಏರಿಸುವ ಓವರ್‌ಸ್ಯಾಂಪ್ಲಿಂಗ್ ಆಯ್ಕೆ ಅದರಲ್ಲಿ ಇರಲಿಲ್ಲ. ಬಿಟ್ಟೆ.

ನ್ಯೂರಲ್ ಆಂಪ್ ಮಾಡೆಲರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸ್ಟೀವನ್ ಆಟ್‌ಕಿನ್ಸನ್ ಅನ್ನುವವರು ಮಾಡಿದ್ದು, ಪುಕ್ಕಟೆ, ಮೂಲ ಕೋಡ್ ಕೂಡ ಎಲ್ಲರಿಗೂ ಮುಕ್ತ. ಬೇರೆ ಎಷ್ಟೋ ಸಿಮ್‌ಗಳಲ್ಲಿ ಆಂಪಿನ ಸರ್ಕ್ಯೂಟ್ ನೋಡಿ ಗಣಿತ ಬರೆದಿರುತ್ತಾರೆ. ಇದರಲ್ಲಿ ಹಾಗಲ್ಲ. ನಿಜವಾದ ಆಂಪಿಗೆ ಸುಮಾರು ಮೂರು ನಿಮಿಷದ ಒಂದು ಪರೀಕ್ಷೆ ಸದ್ದು ಕಳಿಸಿ, ಹೊರಬಂದದ್ದನ್ನು ರೆಕಾರ್ಡ್ ಮಾಡಿ, ಎರಡರ ಸಂಬಂಧವನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸುತ್ತಾರೆ. ಎಲ್ಲೆಲ್ಲೋ ಇರುವ ಜನ ತಮ್ಮ ಆಂಪನ್ನು ಹೀಗೆ ಹಿಡಿದು ಹಂಚಿದ್ದಾರೆ, ಅದನ್ನು ನಾನು ವಿನೋಬನಗರದ ಮನೆಯಲ್ಲಿ ಕೂತು ನುಡಿಸುತ್ತಿದ್ದೇನೆ. ನನಗೆ ಇದು ನಿಜಕ್ಕೂ ಬೆರಗು. ಒಂದು ಮಾತು ನೆನಪಿರಲಿ, ಹೀಗೆ ಹಿಡಿದ ಫೈಲು ಸಾಮಾನ್ಯವಾಗಿ ಫೋಟೋ ಇದ್ದ ಹಾಗೆ. ಆ ದಿನ ಆಂಪಿನ ಗುಂಡಿಗಳು ಎಲ್ಲಿದ್ದವೋ ಅಲ್ಲೇ. ಬೇರೆ ಸೆಟ್ಟಿಂಗ್ ಬೇಕಿದ್ದರೆ ಬೇರೆ ಫೈಲು.

ಇಲ್ಲಿ ನನ್ನದೊಂದು ತಪ್ಪು ಆಯಿತು. ಕೆಲವು ಫೈಲಿನಲ್ಲಿ ಆಂಪ್ ಮಾತ್ರ ಇರುತ್ತದೆ, ಕೆಲವದರಲ್ಲಿ ಸ್ಪೀಕರ್ ಮತ್ತು ಮೈಕ್ ಕೂಡ ಸೇರಿರುತ್ತವೆ. ಸೇರಿರುವ ಫೈಲಿನ ಮೇಲೆ ನಾನು ಇನ್ನೊಂದು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆಯ ನಕಲು) ಹಾಕಿದ್ದೆ. ಡಬ್ಬದೊಳಗೆ ಡಬ್ಬ. ಇದು ಚೆನ್ನಾಗಿಲ್ಲ ಅಂತ ತೀರ್ಮಾನವನ್ನೂ ಬರೆದುಕೊಂಡಿದ್ದೆ, ಆಮೇಲೆ ಹೊಡೆದುಹಾಕಿದೆ.

ಮೂರನೇ ವಾರ

ಈ ವಾರ ಕಲಿತದ್ದು ಇಡೀ ಕೆಲಸವನ್ನೇ ಬದಲಾಯಿಸಿತು.

ಮೂರೂ ಸಿಮ್‌ನಲ್ಲಿ ಅವರವರ ಕ್ಯಾಬಿನೆಟ್ ತೆಗೆದೆ. ಎಲ್ಲಕ್ಕೂ ಒಂದೇ ಇಂಪಲ್ಸ್ ರೆಸ್ಪಾನ್ಸ್ (ಐಆರ್) ಹಾಕಿದೆ, ಅಂದರೆ ಒಂದು ಸ್ಪೀಕರ್ ಮತ್ತು ಮೈಕ್ ದನಿಯನ್ನು ಹೇಗೆ ಬದಲಿಸುತ್ತವೆ ಅನ್ನುವುದರ ಸಣ್ಣ ಫೈಲು. ಇಗ್ನೈಟ್ ಆಂಪ್ಸ್‌ನವರ ನಾಡಿರ್ ಅನ್ನುವ ಉಚಿತ ಲೋಡರ್‌ನಲ್ಲಿ ಹಾಕಿದೆ. ಮೂರರಲ್ಲೂ ಫೆಂಡರ್ ಥರದ ಕ್ಲೀನ್ ಆಂಪ್, ಗೇನ್ ಕಿವಿಯಲ್ಲೇ ಹೊಂದಿಸಿದ್ದು. ಕೇಳಿದರೆ, ಮೊನ್ನೆ ಆಕಾಶ ಭೂಮಿ ಅಂತರ ಅನ್ನಿಸಿದ್ದು ಈಗ ಅಣ್ಣತಮ್ಮಂದಿರ ಹಾಗೆ ಕೇಳುತ್ತಿವೆ! ವ್ಯತ್ಯಾಸ ಇದೆ, ಆದರೆ ಸಣ್ಣದು. ಉಲ್ಟಾ ಮಾಡಿ ನೋಡಿದೆ. ಆಂಪ್ ಒಂದೇ ಇಟ್ಟು ಐಆರ್ ಮಾತ್ರ ಬದಲಿಸಿದೆ. ಪ್ರತಿ ಸಲವೂ ಬೇರೆ ಗಿಟಾರ್, ಬೇರೆ ಮನೆ.

ಕಾರಣ ಕಷ್ಟದ್ದಲ್ಲ. ಗಿಟಾರ್ ಸ್ಪೀಕರ್ ಅಂದರೆ ಹಾಡು ಕೇಳುವ ಸ್ಪೀಕರ್ ಅಲ್ಲ. ಸುಮಾರು 5 ಸಾವಿರ ಹರ್ಟ್ಜ್ ದಾಟಿದ ಮೇಲೆ ಅದು ಸದ್ದನ್ನು ಬೇಗ ಇಳಿಸಿಬಿಡುತ್ತದೆ. ಅದಕ್ಕೇ ಕ್ಯಾಬಿನೆಟ್ ಇಲ್ಲದ ಆಂಪ್ ಸಿಮ್ ಜೇನುಹುಳದ ಗೂಡಿನ ಹಾಗೆ ಕೇಳುವುದು. ಆ ಇಳಿಸುವಿಕೆಯ ಆಕಾರವೇ ದನಿಯ ಬಹುಪಾಲು. ನಾವು ಆಂಪ್ ಆಂಪ್ ಅಂತ ಒದ್ದಾಡುತ್ತೇವೆ, ಸ್ಪೀಕರ್ ಯಾವುದು, ಮೈಕ್ ಎಲ್ಲಿ ಇಟ್ಟಿದ್ದರು ಅಂತ ನೋಡುವುದೇ ಇಲ್ಲ. ಮೈಕ್ ಸ್ಪೀಕರಿನ ನಡುಮಧ್ಯ ಇದ್ದರೆ ಚುರುಕು, ಅಂಚಿಗೆ ಸರಿದಂತೆ ಮೆದು. ನನಗೆ ಬೇಕಾದದ್ದು ಅಂಚಿನದು.

ಇನ್ನೊಂದು, ಇನ್‌ಪುಟ್ ಮಟ್ಟ. ಅದೇ ಒಣ ಟ್ರ್ಯಾಕನ್ನು 6 ಡೆಸಿಬಲ್ ಏರಿಸಿ ಕಳಿಸಿದೆ. ಆಂಪೇ ಬದಲಾದ ಹಾಗೆ ಕೇಳಿಸಿತು. ಸಿಮ್‌ನೊಳಗಿನ ಗೇನ್ ಗುಂಡಿ ಎಷ್ಟು ಮುಖ್ಯವೋ, ಅದಕ್ಕೆ ಎಷ್ಟು ಜೋರು ಸಿಗ್ನಲ್ ಕೊಡುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಒಬ್ಬರ ಪ್ರಿಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಇನ್ನೊಬ್ಬರ ಮನೆಯಲ್ಲಿ ಚೆನ್ನಾಗಿ ಕೇಳದಿರುವುದಕ್ಕೆ ಇದೂ ಒಂದು ಕಾರಣ. ಈಗ ಇಂಟರ್‌ಫೇಸ್ ಗೇನ್ ಗುಂಡಿಯ ಪಕ್ಕ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೇನೆ. ಜೋರಾಗಿ ನುಡಿಸಿದಾಗ ರೀಪರ್ ಮೀಟರಿನಲ್ಲಿ -12 ಡೆಸಿಬಲ್ ಆಸುಪಾಸು. ಅಲ್ಲಿಂದ ಅಲ್ಲಾಡಿಸುವುದಿಲ್ಲ.

ನಾಲ್ಕನೇ ವಾರ

ಕಣ್ಣು ಕಟ್ಟಿ ಕೇಳುವ ಪರೀಕ್ಷೆ. ತಮ್ಮನಿಗೆ ಕೆಲಸ ಕೊಟ್ಟೆ. ಆರು ಫೈಲು, ಹೆಸರಿಲ್ಲ, ಬರೀ ನಂಬರ್. ಎಲ್ಲವನ್ನೂ ಒಂದೇ ಜೋರಿಗೆ, -20 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ತಂದೆವು. ಇದನ್ನು ಮಾಡದೆ ಹೋಲಿಸಬೇಡಿ. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿ ಕೇಳುತ್ತದೆ, ಕಿವಿಯ ಗುಣವೇ ಹಾಗೆ.

ತಮ್ಮ ನನಗೆ ಹೇಳದೆ ಒಂದೇ ಫೈಲನ್ನು ಎರಡು ನಂಬರಿನಲ್ಲಿ ಇಟ್ಟಿದ್ದ. ನಾನು ಒಂದಕ್ಕೆ ಹತ್ತರಲ್ಲಿ ಎಂಟು, ಇನ್ನೊಂದಕ್ಕೆ ಆರು ಕೊಟ್ಟಿದ್ದೆ. "ಅಣ್ಣ, ಎರಡೂ ಒಂದೇ" ಅಂದಾಗ ಅರ್ಧ ದಿನ ಸುಮ್ನೆ ಕೂತೆ. ಅಂದರೆ ಎರಡು ಅಂಕದ ವ್ಯತ್ಯಾಸಕ್ಕೆ ನನ್ನ ಕಿವಿಯಲ್ಲಿ ಅರ್ಥ ಇಲ್ಲ. ಆಮೇಲೆ ಮೂರು ದಿನ ಬೆಳಿಗ್ಗೆ ಕುಂದುವಾಡ ಕೆರೆ ಏರಿಯ ಮೇಲೆ ನಡೆಯುತ್ತಾ ಇಯರ್‌ಫೋನ್‌ನಲ್ಲಿ ಮತ್ತೆ ಕೇಳಿದೆ. ಮೂರು ದಿನವೂ ಮೇಲೆ ಬಂದದ್ದನ್ನು ಮಾತ್ರ ಉಳಿಸಿಕೊಂಡೆ. ಅವು ಎರಡು: ನ್ಯೂರಲ್ ಆಂಪ್ ಮಾಡೆಲರ್‌ನಲ್ಲಿ ಫೆಂಡರ್ ಕಂಪನಿಯ ಡೀಲಕ್ಸ್ ರಿವರ್ಬ್ ಆಂಪ್ ಥರದ ಒಂದು ಫೈಲು, ಮತ್ತು ವಾಕ್ಸ್ ಕಂಪನಿಯ ಎಸಿ30 ಆಂಪ್ ಥರದ್ದು. ಆಂಪ್ಲಿಟ್ಯೂಬ್ ಬಹಳ ಹತ್ತಿರ ಬಂತು, ಗುಂಡಿ ತಿರುಗಿಸಿ ಹುಡುಕುವವರಿಗೆ ನಾನು ಅದನ್ನೇ ಹೇಳುತ್ತೇನೆ. ಗಿಟಾರ್ ರಿಗ್‌ನಲ್ಲಿ ಎಫೆಕ್ಟ್‌ಗಳನ್ನು ಸಾಲಾಗಿ ಜೋಡಿಸುವುದು ಬಲು ಸಲೀಸು, ನಾನು ಅದರ ರಿವರ್ಬ್‌ಗಳನ್ನು (ಕೋಣೆಯ ಗುಂಗು ಕೊಡುವ ಎಫೆಕ್ಟ್) ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ.

ಒಂಟಿಯಾಗಿ ಕೇಳಿದರೆ ವಾಕ್ಸ್ ಥರದ್ದೇ ನನಗೆ ಇಷ್ಟ. ಗೆಜ್ಜೆ ಹಾಗೆ. ಅಮ್ಮನ ದನಿಯ ಕೆಳಗೆ ಎರಡನ್ನೂ ಇಟ್ಟು ಅವರಿಗೇ ಕೇಳಿಸಿದೆ. ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಾ ಕೇಳಿದರು. "ಮೊದಲನೇದು ನನ್ ದನಿ ಮ್ಯಾಲೆ ಕುಂತಂಗೈತಿ. ಎರಡನೇದು ಪಕ್ಕದಾಗ ಕುಂತಂಗೈತಿ ನೋಡಪ್ಪ" ಅಂದರು. ಮೊದಲನೆಯದು ವಾಕ್ಸ್. ಆ ಆಂಪಿನ ಮಿನುಗು ಇರುವುದು 2ರಿಂದ 4 ಸಾವಿರ ಹರ್ಟ್ಜ್ ಆಸುಪಾಸಿನಲ್ಲಿ, ಹಾಡುವವರ ಮಾತು ಸ್ಪಷ್ಟವಾಗಿ ಕೇಳುವುದೂ ಅಲ್ಲೇ. ನಾಲ್ಕು ವಾರ ನಾನು ಗಿಟಾರ್ ಒಂದನ್ನೇ ಕೇಳಿ ಅಂಕ ಹಾಕಿದ್ದೆ. ಹಾಡಿನ ಜೊತೆ ಕೇಳಬೇಕಿತ್ತು.

ಐದನೇ ವಾರ, ಈಗ ಇರುವ ಸ್ಥಿತಿ

ಡೀಲಕ್ಸ್ ಥರದ ಫೈಲು, 12 ಇಂಚಿನ ಒಂದು ಸ್ಪೀಕರಿನ ಐಆರ್, ಮೈಕ್ ಅಂಚಿನಲ್ಲಿ. ಅಮ್ಮನ ಶ್ರುತಿ ಜಿ ಶಾರ್ಪ್, ಅದಕ್ಕೆ ಕೇಪೋ (ಎಲ್ಲ ತಂತಿಯನ್ನೂ ಒತ್ತಿ ಶ್ರುತಿ ಏರಿಸುವ ಕ್ಲಿಪ್) ನಾಲ್ಕನೇ ಮನೆಗೆ. ಆಗ ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 104 ಹರ್ಟ್ಜ್, ಹಾಗಾಗಿ 90ಕ್ಕಿಂತ ಕೆಳಗಿನದೆಲ್ಲ ಧೈರ್ಯವಾಗಿ ಕತ್ತರಿಸಿದೆ. ಕರೆಂಟಿನ 50 ಹರ್ಟ್ಜ್ ಹಮ್ ಅಲ್ಲೇ ಹೋಯಿತು. 3 ಸಾವಿರದ ಹತ್ತಿರ 3 ಡೆಸಿಬಲ್ ತಗ್ಗಿಸಿದೆ. ಸಿಮ್‌ನ ರಿವರ್ಬ್ ಪೂರ್ತಿ ತೆಗೆದು, ದನಿ ಮತ್ತು ಗಿಟಾರ್ ಎರಡನ್ನೂ ಒಂದೇ ರಿವರ್ಬ್‌ಗೆ ಕಳಿಸಿದೆ. ಇದರಿಂದ ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತ ಹಾಗೆ ಕೇಳುತ್ತದೆ. ಬಹಳ ದೊಡ್ಡ ಬದಲಾವಣೆ ಇದು, ಆಂಪ್ ಬದಲಿಸಿದ್ದಕ್ಕಿಂತ.

ನುಡಿಸಿದ್ದಕ್ಕೂ ಕೇಳುವುದಕ್ಕೂ ನಡುವಿನ ತಡದ ಲೆಕ್ಕ: ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತಗೊಳ್ಳುವ ಸದ್ದಿನ ತುಣುಕು) 128 ಸ್ಯಾಂಪಲ್, ಸ್ಯಾಂಪಲ್ ರೇಟ್ ಸೆಕೆಂಡಿಗೆ 48 ಸಾವಿರ. ಲೆಕ್ಕಕ್ಕೆ 2.7 ಮಿಲಿಸೆಕೆಂಡ್, ಆದರೆ ಒಳಗೆ ಹೋಗಿ ಹೊರಗೆ ಬರುವುದೆಲ್ಲ ಸೇರಿ ಸುಮಾರು 9 ಆಗುತ್ತದೆ. ಆಂಪಿನಿಂದ ಮೂರು ಮೀಟರ್ ದೂರ ಕೂತ ಹಾಗೆ. ತೊಂದರೆ ಇಲ್ಲ. ಲ್ಯಾಪ್‌ಟಾಪ್ ಚಟಪಟ ಅಂದರೆ ಅದೇ ಮಾಡೆಲರ್‌ಗೆ ಸಿಗುವ ಹಗುರ ಫೈಲು ಹಾಕುತ್ತೇನೆ.

ಒಂದು ಸಮಸ್ಯೆ ಉಳಿದಿದೆ, ಅದು ಆಂಪಿನದಲ್ಲ. ಅಮ್ಮ ಜೊತೆಗೆ ಏನೂ ಇಲ್ಲದೆ ಹಾಡಿದರೆ ನಾಲ್ಕನೇ ಚರಣಕ್ಕೆ ಶ್ರುತಿ ಸ್ವಲ್ಪ ಮೇಲೆ ಹೋಗಿರುತ್ತದೆ. ಗಿಟಾರ್ ಅಲ್ಲೇ ನಿಂತಿರುತ್ತದೆ. ಅವರ ದನಿಯನ್ನು ಸಾಫ್ಟ್‌ವೇರ್‌ನಲ್ಲಿ ಎಳೆದು ಸರಿಮಾಡಲು ನನಗೆ ಮನಸ್ಸಿಲ್ಲ, ಆ ಜಾರುಗಳೆಲ್ಲ ಹಾಳಾಗುತ್ತವೆ. ಅದಕ್ಕೆ ಮೊದಲು ಗಿಟಾರಿನಲ್ಲೇ ಷಡ್ಜ ಪಂಚಮ ಎರಡೇ ಸ್ವರ ಉದ್ದಕ್ಕೂ ನುಡಿಸಿ ಇಡುತ್ತೇನೆ. ಅದನ್ನು ಒಂದು ಕಿವಿಗೆ ಮಾತ್ರ ಕೇಳಿಸಿ, ಇನ್ನೊಂದು ಕಿವಿ ಬಿಟ್ಟು ಹಾಡಿಸಿ ನೋಡಬೇಕು. ಭಾನುವಾರ ರಾತ್ರಿ ಹತ್ತರ ಮೇಲೆ, ಬೀದಿ ಸುಮ್ಮನಾದಾಗ, ಹಸೆಗೆ ಕರೆಯುವ ಪದದಿಂದ ಶುರು.