ಕೈಪಿಡಿಯ ಕಾಗುಣಿತ ತಿದ್ದುವಿಕೆ, ಮೂರನೆಯ ಸುತ್ತು: ಒಂದು ಟಿಲ್ಡೆಯ ಕೊರತೆ

ಪಾರ್ಸರ್ ಜನರೇಟರ್‌ನ (ವ್ಯಾಕರಣ ನಿಯಮಗಳನ್ನು ಕೊಟ್ಟರೆ ಅವುಗಳಂತೆ ಪಠ್ಯವನ್ನು ಬಿಡಿಸಿ ಓದುವ ಪಾರ್ಸರ್ ಎಂಬ ಪ್ರೋಗ್ರಾಂ ತಯಾರಿಸುವ ಸಲಕರಣೆ) ಕೈಪಿಡಿಯಲ್ಲಿರುವ ಕಾಗುಣಿತ ದೋಷಗಳನ್ನು ತಿದ್ದುವ ಕೆಲಸ ನಿನ್ನೆ ರಾತ್ರಿ ಒಂದು ಹದಕ್ಕೆ ಬಂದಿತು. ಐದು ದಿನ ಬಿಡದೆ ಕಾಡಿದ ಒಂದೇ ಒಂದು ಪರೀಕ್ಷೆ ಕೊನೆಗೂ ಪಾಸಾಯಿತು. ಅದು ಏಕೆ ಸೋಲುತ್ತಿತ್ತು ಎಂಬುದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಸುಲಭದ ಭಾಗವನ್ನು ಬೇಗ ದಾಟುತ್ತೇನೆ. ಕಾಗುಣಿತ ನೋಡುವ ಕೋಡ್‌ಸ್ಪೆಲ್ ಓಡಿಸುವುದು, ಅಂಥದೇ ಆಸ್ಪೆಲ್‌ಗೆ ಕೈಪಿಡಿಯ ಬರಹ ರೂಪವಾದ ಟೆಕ್‌ಇನ್ಫೋದ ಮೋಡ್ ಕೊಡುವುದು, ಸ್ವಂತ ಪದಪಟ್ಟಿಗೆ ವೈವೈಲೆಕ್ಸ್, ವೈವೈಪಾರ್ಸ್, ನಾನ್‌ಟರ್ಮಿನಲ್ ಮುಂತಾದ ಪಾರ್ಸರ್ ಲೋಕದ ಪದಗಳನ್ನು ತುಂಬುವುದು ಎಲ್ಲರಿಗೂ ಗೊತ್ತಿರುವ ಕ್ರಮವೇ. ಗ್ರಾಮರ್ ಪದದಲ್ಲಿ ಎರಡನೆಯ ಎ ಇರಬೇಕಾದಲ್ಲಿ ಇ, ಪ್ರಿಸಿಡೆನ್ಸ್ ಪದದ ನಡುವೆ ತೂರಿಕೊಂಡ ಹೆಚ್ಚುವರಿ ಎನ್, ಒಂದರ ಪಕ್ಕ ಒಂದು ಬಿದ್ದ ಎರಡು ದಿ, ಇವೆಲ್ಲ ಒಂದು ಸಂಜೆಯಲ್ಲಿ ಮುಗಿದವು. ನಿಘಂಟಿನ ಕಣ್ಣು ತಪ್ಪಿಸುವ ದೋಷಗಳನ್ನು ಮಾತ್ರ ಪುಟ ಪುಟ ಓದಿಯೇ ಹಿಡಿಯಬೇಕು. ರೂಲ್ ಪದದ ಎಲ್ ಉದುರಿದರೆ ಉಳಿಯುವುದೂ ಒಂದು ಇಂಗ್ಲಿಷ್ ಪದವೇ. ಸ್ಟೇಟ್ ಪದದ ಮೊದಲ ಟಿ ಉದುರಿದರೂ ಹಾಗೆಯೇ. ಫ್ರಮ್ ಮತ್ತು ಫಾರ್ಮ್ ಅದಲುಬದಲಾದರೆ ಪದಗಳನ್ನು ಬಿಡಿಬಿಡಿಯಾಗಿ ನೋಡುವ ಯಾವ ಸಲಕರಣೆಯೂ ತುಟಿ ಬಿಚ್ಚುವುದಿಲ್ಲ. ನಾನು ಇಳಿಸಿಕೊಂಡಿದ್ದ ಒಂದು ಸಿದ್ಧ ತಪ್ಪುಪಟ್ಟಿಯ ಬಗ್ಗೆಯೂ ಹೇಳಲೇಬೇಕು. ಅದನ್ನು ಕಟ್ಟಿದವರು ಲೆಕ್ಸರ್ (ಪಠ್ಯವನ್ನು ಪಾರ್ಸರ್‌ಗಾಗಿ ತುಣುಕುಗಳಾಗಿ ಒಡೆಯುವ ಭಾಗ) ಎಂಬ ಪದವನ್ನೇ ದೋಷವೆಂದು ಬಗೆದು ಬೇರೊಂದನ್ನು ಸೂಚಿಸಿದ್ದರು. ಪಾರ್ಸರ್ ಬಗ್ಗೆ ಬರೆಯುವವರು ಈ ಪಟ್ಟಿಯನ್ನು ಬಳಸಬಹುದೆಂಬ ಯೋಚನೆಯೇ ಇಲ್ಲದೆ ಅದನ್ನು ಹಂಚಿದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಲುಕ್‌ಅಹೆಡ್ (ಪಾರ್ಸರ್ ಮುಂದಿನ ತುಣುಕನ್ನು ಇಣುಕಿ ನೋಡುವುದು) ಪದದ ಹೈಫನ್‌ನ ವಿಷಯದಲ್ಲಿ ಅರ್ಧ ದಿನ ಹೋಯಿತು. ಫ್ರಾಂಕ್ ಡಿರೆಮರ್ 1969ರಲ್ಲಿ ಎಂಐಟಿಯ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಮಂಡಿಸಿದ ಎಲ್‌ಎಎಲ್‌ಆರ್ ಎಂಬ ಪಾರ್ಸಿಂಗ್ ವಿಧಾನದ ಹೆಸರಿನಲ್ಲಿ ಮೊದಲೆರಡು ಅಕ್ಷರಗಳು ಲುಕ್ ಮತ್ತು ಅಹೆಡ್ ಎಂಬವುಗಳ ಮೊದಲಕ್ಷರಗಳು. ಆದ್ದರಿಂದ ಲುಕ್-ಅಹೆಡ್ ಎಂದು ಹೈಫನ್ ಹಾಕಿ ಬರೆಯುವವರನ್ನು ತಪ್ಪೆನ್ನಲಾಗದು. ಆದರೆ ಒಂದೇ ಕೈಪಿಡಿಯ ಒಂದು ಅಧ್ಯಾಯದಲ್ಲಿ ಹೈಫನ್ ಇದ್ದು ಮುಂದಿನದರಲ್ಲಿ ಇಲ್ಲದಿದ್ದರೆ, ಹುಡುಕುವ ಓದುಗನಿಗೆ ಅರ್ಧ ಕೈಪಿಡಿ ಸಿಕ್ಕುವುದೇ ಇಲ್ಲ. ಬೈಸನ್ ಎಂಬ ಪಾರ್ಸರ್ ಜನರೇಟರ್ ಹಿಂದೊಮ್ಮೆ ತನ್ನ ವರದಿ ಆಯ್ಕೆಯ ಹೆಸರಿನಿಂದ ಇದೇ ಹೈಫನ್ನನ್ನು ತೆಗೆದಾಗ, ಹಳೆಯ ರೂಪವನ್ನು ದಾಖಲೆಯಿಂದ ಕೈಬಿಟ್ಟರೂ ಒಪ್ಪಿಕೊಳ್ಳುವುದನ್ನು ಮುಂದುವರಿಸಿತ್ತು. ನಮ್ಮ ಯೋಜನೆಯಲ್ಲಿ ಅಷ್ಟು ದೂರ ಹೋಗುವ ಅಧಿಕಾರ ನನಗಿಲ್ಲ. ಹಾಗಾಗಿ ಗದ್ಯದಲ್ಲಿ ಮಾತ್ರ ಹೈಫನ್ ತೆಗೆದು, ಆಯ್ಕೆಯ ಹೆಸರುಗಳನ್ನು ಮುಟ್ಟದೆ ಬಿಟ್ಟೆ.

ಇನ್ನು ಆ ಪರೀಕ್ಷೆ. ಕೈಪಿಡಿಯಲ್ಲಿ ಸಂಘರ್ಷಗಳನ್ನು ವಿವರಿಸುವ ಕಡೆ ಒಂದು ಪುಟ್ಟ ವ್ಯಾಕರಣವಿದೆ. ಒಂದೇ ನಿಯಮವನ್ನು ಬೇಕೆಂದೇ ಎರಡು ಸಲ ಬರೆದು, ಎರಡರಲ್ಲಿ ಯಾವ ನಿಯಮ ಬಳಸಬೇಕೆಂದು ಪಾರ್ಸರ್‌ಗೆ ತಿಳಿಯದ ರೆಡ್ಯೂಸ್/ರೆಡ್ಯೂಸ್ ಸಂಘರ್ಷ ಹುಟ್ಟಿಸಿ, ಮೊದಲನೆಯದು ಗೆದ್ದು ಎರಡನೆಯದು ನಿರುಪಯುಕ್ತವಾಗುವುದನ್ನು ಅದು ತೋರಿಸುತ್ತದೆ. ಅಲ್ಲಿನ ನಾನ್‌ಟರ್ಮಿನಲ್‌ನ (ನಿಯಮಗಳು ವಿವರಿಸುವ ಘಟಕದ) ಹೆಸರು ಎಕ್ಸ್‌ಪ್ರೆಷನ್. ಆದರೆ ಎರಡು ಎಸ್ ಇರಬೇಕಾದಲ್ಲಿ ಒಂದೇ ಎಸ್ ಇತ್ತು. ವ್ಯಾಕರಣದ ಕೆಳಗೆ, ಆ ಉದಾಹರಣೆಯನ್ನು ಓಡಿಸಿದಾಗ ಬರುವ ಎಚ್ಚರಿಕೆಯನ್ನೂ ಅಚ್ಚು ಮಾಡಲಾಗಿದೆ: ಕಡತದ ಹೆಸರು, ಅದರ ಮುಂದೆ 8.3-25 ಎಂಬ ಸ್ಥಾನ (8ನೆಯ ಸಾಲು, 3ರಿಂದ 25ರವರೆಗಿನ ಕಾಲಂ), ನಂತರ ಸಂದೇಶ, ಅದರಡಿ ನಿಯಮದ ಸಾಲು, ಅದರಡಿ ಒಂದು ^ ಮತ್ತು ಇಪ್ಪತ್ತೆರಡು ~ (ಟಿಲ್ಡೆ) ಗುರುತುಗಳು. ಪರೀಕ್ಷಾ ಸ್ಕ್ರಿಪ್ಟ್ ಕೈಪಿಡಿಯಿಂದಲೇ ವ್ಯಾಕರಣವನ್ನು ಹೊರತೆಗೆದು ಓಡಿಸಿ, ಬಂದ ಎಚ್ಚರಿಕೆಯನ್ನು ಅಚ್ಚಾದ ಎಚ್ಚರಿಕೆಯೊಂದಿಗೆ ಹೋಲಿಸುತ್ತದೆ.

ನಾನು ಹೆಸರನ್ನು ವ್ಯಾಕರಣದಲ್ಲೂ ಎಚ್ಚರಿಕೆಯಲ್ಲೂ ತಿದ್ದಿದೆ. ಒಂದು ಅಕ್ಷರ ಹೆಚ್ಚಾಯಿತಲ್ಲವೇ ಎಂದು 25 ಇದ್ದದ್ದನ್ನು 26 ಮಾಡಿ, ಒಂದು ಟಿಲ್ಡೆಯನ್ನೂ ಸೇರಿಸಿದೆ. ಪರೀಕ್ಷೆ ಸೋತಿತು. ಆ ಸ್ಕ್ರಿಪ್ಟ್ ಡಿಫ್ (ಎಲ್ಲೆಲ್ಲಿ ವ್ಯತ್ಯಾಸವಿದೆ ಎಂಬ ಪಟ್ಟಿ) ತೋರಿಸುವುದಿಲ್ಲ, ಹೊಂದಲಿಲ್ಲ ಎಂದಷ್ಟೇ ಹೇಳಿ ನಿಲ್ಲುತ್ತದೆ. ಟ್ಯಾಬ್ ಇರಬಹುದೆಂದು ಶಂಕಿಸಿದೆ, ಏಕೆಂದರೆ ಟ್ಯಾಬ್ ಒಂದು ಬೈಟ್ ಆದರೂ ಕಾಲಂ ಎಣಿಕೆಯಲ್ಲಿ ಎಂಟರ ಮುಂದಿನ ನಿಲ್ದಾಣಕ್ಕೆ ಜಿಗಿಯುತ್ತದೆ, ಟ್ಯಾಬ್ ಇರಲಿಲ್ಲ. ಲೊಕೇಲ್ (ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್) ಇರಬಹುದೆಂದು ಶಂಕಿಸಿದೆ, ಏಕೆಂದರೆ ಯುಟಿಎಫ್-8 ಲೊಕೇಲ್‌ನಲ್ಲಿ ಸಂದೇಶದ ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿ ಬರಬಹುದು. ಆದರೆ ಪರೀಕ್ಷೆ ನೇರ ಚಿಹ್ನೆಗಳೇ ಉಳಿಯುವ ಸಿ ಲೊಕೇಲ್‌ನಲ್ಲೇ ಓಡುತ್ತಿತ್ತು. ಸಾಲಿನ ಕೊನೆಯ ಖಾಲಿ ಜಾಗವನ್ನು ಹುಡುಕಿದೆ, ಕಣ್ಣಿಗೆ ಕಾಣದ ಅಕ್ಷರಗಳನ್ನು ಹೆಕ್ಸ್ ಡಂಪ್‌ನಲ್ಲಿ ಹುಡುಕಿದೆ. ಎಲ್ಲವೂ ಶುದ್ಧವಾಗಿತ್ತು.

ಐದನೆಯ ದಿನ ಆ ಸಾಲನ್ನು ಚೌಕುಳಿ ಹಾಳೆಯಲ್ಲಿ, ಮನೆಗೊಂದು ಅಕ್ಷರದಂತೆ ಬರೆದೆ. ಮೊದಲ ಎಕ್ಸ್‌ಪ್ರೆಷನ್ 3ರಿಂದ 11ರವರೆಗೆ, ಪ್ಲಸ್ ಚಿಹ್ನೆ ಅದರ ಒಂಟಿ ಉದ್ಧರಣಗಳ ಸಮೇತ 13ರಿಂದ 15ರವರೆಗೆ, ಎರಡನೆಯ ಎಕ್ಸ್‌ಪ್ರೆಷನ್ 17ರಿಂದ 25ರವರೆಗೆ. ತಿದ್ದಿದ ಮೇಲೆ ಮೊದಲನೆಯದು 3ರಿಂದ 12, ಪ್ಲಸ್ 14ರಿಂದ 16, ಎರಡನೆಯದು 18ರಿಂದ 27. ಪದ ಸಾಲಿನಲ್ಲಿ ಎರಡು ಸಲ ಬಂದಿತ್ತು. ಕೊನೆ ಎರಡು ಮನೆ ಸರಿದಿತ್ತು. ಯಾವ ದೋಷವೂ ಇಲ್ಲದ ಪ್ಲಸ್ ಚಿಹ್ನೆಯೂ ಜಾಗ ಬದಲಿಸಿತ್ತು. 8.3-27 ಎಂದು ಬರೆದು, ಇನ್ನೊಂದು ಟಿಲ್ಡೆ ಸೇರಿಸಿ ಒಟ್ಟು ಇಪ್ಪತ್ತನಾಲ್ಕು ಮಾಡಿದಾಗ ಪರೀಕ್ಷೆ ಪಾಸಾಯಿತು.

ಈ ಅಂಕಿಗಳನ್ನು ಇನ್ನು ಕೈಯಿಂದ ಮುಟ್ಟಬಾರದೆಂದು ಅಲ್ಲೇ ನಿರ್ಧರಿಸಿದೆ. ಪ್ಯಾಚ್‌ಗಳನ್ನು (ಕಳುಹಿಸಬೇಕಾದ ತಿದ್ದುಪಡಿಗಳನ್ನು) ಮೂರಾಗಿ ಒಡೆದೆ: ಗದ್ಯ ಒಂದು, ಕೋಡ್‌ನ ಟಿಪ್ಪಣಿಗಳು ಒಂದು, ಉದಾಹರಣೆಗಳೊಳಗಿನ ಹೆಸರುಗಳು ಒಂದು. ಮೂರನೆಯದಕ್ಕೆ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಅದು ವ್ಯಾಕರಣವನ್ನು ನಿಜವಾಗಿ ಓಡಿಸಿ, ಬಂದ ಎಚ್ಚರಿಕೆಯನ್ನು ಯಥಾವತ್ತಾಗಿ ಕೈಪಿಡಿಗೆ ಅಂಟಿಸುತ್ತದೆ. ಪ್ರೋಗ್ರಾಂ ಒಳಗಿನ ಸಂದೇಶಗಳಲ್ಲಿದ್ದ ಎರಡು ದೋಷಗಳನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಮೂಲ ಸಂದೇಶದ ಒಂದು ಅಕ್ಷರ ಬದಲಾದರೂ ಅನುವಾದಗಳನ್ನು ನಿರ್ವಹಿಸುವ ಗೆಟ್‌ಟೆಕ್ಸ್ಟ್‌ನಲ್ಲಿ ಅದರ ಅನುವಾದಗಳು ಫಝಿ ಎಂದು ಗುರುತಾಗಿ, ಅನುವಾದಕರು ಮತ್ತೆ ನೋಡುವವರೆಗೆ ಬಳಕೆಗೆ ಬರುವುದಿಲ್ಲ. ಬಿಡುಗಡೆಯ ಹೊಸ್ತಿಲಲ್ಲಿ ಅನುವಾದಕರ ಶ್ರಮವನ್ನು ಹಾಗೆ ಕೆಡಿಸಲು ಮನಸ್ಸು ಬರಲಿಲ್ಲ. ಕೈಪಿಡಿಯ ಒಂದು ನೋಡ್‌ನ (ವಿಭಾಗದ) ಹೆಸರಿನಲ್ಲಿಯೇ ತಪ್ಪಿತ್ತು. ಅದನ್ನು ತಿದ್ದಿ, ಹಳೆಯ ತಪ್ಪು ಹೆಸರಿನಲ್ಲಿ ಒಂದು ಆಂಕರ್ (ಕೊಂಡಿ ಬಂದು ತಲುಪುವ ಗುರುತು) ಇಟ್ಟೆ. ಆ ಹೆಸರನ್ನು ಹಿಡಿದು ಬರುವ ಹಳೆಯ ಕೊಂಡಿಗಳು ದಾರಿ ತಪ್ಪಬಾರದು. ವೆಬ್‌ನ ಸಂವಹನ ನಿಯಮಾವಳಿಯಾದ ಎಚ್‌ಟಿಟಿಪಿಯ ರೆಫರರ್ ಹೆಡರ್ ಒಂದು ಆರ್ ಕಳೆದುಕೊಂಡೇ 1996ರ ಆರ್‌ಎಫ್‌ಸಿ 1945 ಎಂಬ ದಾಖಲೆಯಲ್ಲಿ ಅಚ್ಚಾಗಿ ಇಂದಿಗೂ ಹಾಗೆಯೇ ಉಳಿದಿದೆ. ಹೆಸರನ್ನು ನಂಬಿ ಬೇರೆಯವರು ಕಟ್ಟಿದ ಮೇಲೆ ತಿದ್ದುವುದು ಎಷ್ಟು ಕಷ್ಟ ಎಂಬುದಕ್ಕೆ ಅದು ನನಗೆ ಸದಾ ಎಚ್ಚರಿಕೆ.

ಚೌಕುಳಿ ಹಾಳೆ ಮುಂದಿರುವಾಗಲೇ ಮುಂದಿನ ಕೆಲಸವೂ ಹೊಳೆಯಿತು. ವ್ಯಾಕರಣ ಕಡತದ ಟಿಪ್ಪಣಿ ಕನ್ನಡದಲ್ಲಿದ್ದು, ಅದೇ ಸಾಲಿನಲ್ಲಿ ಅದರ ಬಲಕ್ಕೆ ದೋಷವಿದ್ದರೆ ^ ಎಲ್ಲಿ ಬೀಳಬೇಕು? ಕ್ಷ ಎಂಬುದು ಯುಟಿಎಫ್-8ರಲ್ಲಿ ಒಂಬತ್ತು ಬೈಟ್, ಯುನಿಕೋಡ್‌ನಲ್ಲಿ ಮೂರು ಕೋಡ್ ಪಾಯಿಂಟ್ (ಸಂಕೇತ ಸಂಖ್ಯೆ), ಕಣ್ಣಿಗೆ ಒಂದೇ ಅಕ್ಷರ. ಮೂರರಲ್ಲಿ ಯಾವುದನ್ನು ಎಣಿಸಿದರೆ ಗೆರೆ ಸರಿಯಾದ ಪದದ ಕೆಳಗೆ ನಿಲ್ಲುತ್ತದೆ ಎಂಬುದನ್ನು ಬೇರೆ ಬೇರೆ ಟರ್ಮಿನಲ್‌ಗಳಲ್ಲಿ ಪರೀಕ್ಷಿಸಬೇಕು. ಅದಕ್ಕೆ ಬೇಕಾದ ವ್ಯಾಕರಣ ಕಡತವನ್ನು ಆಗಲೇ ಅರ್ಧ ಬರೆದಿದ್ದೇನೆ.

ಸ್ಕ್ರಿಪ್ಟನ್ನು ಕೈಪಿಡಿಯ ಎಲ್ಲ ಉದಾಹರಣೆಗಳ ಮೇಲೆ ಓಡಿಸಿದಾಗ, ನಾನು ಮುಟ್ಟಿಯೇ ಇರದ ಒಂದು ಪುಟವೂ ಬದಲಾಯಿತು. ಅಲ್ಲಿ ಸ್ಟೇಟ್‌ಮೆಂಟ್ ಎಂಬ ಹೆಸರಿನ ಕಾಗುಣಿತ ಸರಿಯಾಗಿಯೇ ಇತ್ತು, ಆದರೆ ಅದರಡಿಯ ಗೆರೆ ಕೊನೆಯ ಅಕ್ಷರವನ್ನು ಮುಟ್ಟದೆ ಹಿಂದೆಯೇ ನಿಂತಿತ್ತು. ಕಡತದ ಬದಲಾವಣೆಗಳ ಇತಿಹಾಸ ತೆಗೆದು ನೋಡಿದೆ. ಬಹಳ ಹಿಂದೆ ಯಾರೋ ಆ ಹೆಸರಿನಲ್ಲಿ ಬಿಟ್ಟುಹೋಗಿದ್ದ ಒಂದು ಇ ಅಕ್ಷರವನ್ನು ಸೇರಿಸಿದ್ದರು. ಆ ಕಮಿಟ್‌ನ (ದಾಖಲಾದ ಬದಲಾವಣೆಯ) ಸಂದೇಶದಲ್ಲಿ ಕಾಗುಣಿತ ತಿದ್ದುಪಡಿ ಎಂದಷ್ಟೇ ಇತ್ತು. ಆ ಉದಾಹರಣೆ ಪರೀಕ್ಷೆಗಳ ಪಟ್ಟಿಯಲ್ಲಿ ಇರಲೇ ಇಲ್ಲ. ಟಿಲ್ಡೆಯನ್ನು ಸೇರಿಸಿ, ಉದಾಹರಣೆಯನ್ನು ಪಟ್ಟಿಗೆ ಹಾಕಿ, ಹಳೆಯ ಕಮಿಟ್‌ನ ಗುರುತನ್ನು ಹೊಸ ಸಂದೇಶದಲ್ಲಿ ನಮೂದಿಸಿ ಪ್ಯಾಚ್ ಕಳುಹಿಸಿದ್ದೇನೆ.