ಸರ್ವಾನುಮತದಲ್ಲಿ ಕರಗಿದ ‘ಇರಲಿ ಬಿಡಿ’

ಹಾಲು ಉತ್ಪಾದಕರ ಸಂಘದ ವಾರ್ಷಿಕ ಮಹಾಸಭೆಯ ನೋಟಿಸನ್ನು ಪೂರ್ತಿ ಓದುವವರು ಕಡಿಮೆ. ಸೆಪ್ಟೆಂಬರ್ ಬಂದರೆ ಚಿಂತಾಮಣಿ ಕಡೆಯ ನಮ್ಮೂರಿನ ಡೇರಿ ಗೋಡೆಗೆ ಅದು ಅಂಟುತ್ತದೆ. ಜನ ದಿನಾಂಕ ನೋಡಿಕೊಂಡು, ಈ ಸಲ ಬೋನಸ್ ಎಷ್ಟಂತೆ ಎಂದು ಕೇಳಿಕೊಂಡು ಮುಂದೆ ಹೋಗುತ್ತಾರೆ. ನಾನು ಓದಬೇಕಾಗಿ ಬಂದದ್ದು ಕಾರ್ಯದರ್ಶಿಯಿಂದಾಗಿ. ದೂರದ ಸಂಬಂಧದಲ್ಲಿ ಅವರು ನನಗೆ ಚಿಕ್ಕಪ್ಪ. “ನಿನ್ನ ಅಕ್ಷರ ದುಂಡಗಿದೆ, ನಡವಳಿ ಬರೆದುಕೊಡು” ಎಂದು ಪುಸ್ತಕವನ್ನು ಕೈಗಿತ್ತರು.

ಆ ನೋಟಿಸಿನಲ್ಲಿ ಒಪ್ಪಿಗೆಗೆ ಎಷ್ಟೊಂದು ಹೆಸರುಗಳು! ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು, ಲೆಕ್ಕಪರಿಶೋಧನಾ ವರದಿಯನ್ನು ಅಂಗೀಕರಿಸುವುದು, ಲಾಭದ ವಿಲೇವಾರಿಯನ್ನು ಅನುಮೋದಿಸುವುದು, ಆಯವ್ಯಯಕ್ಕೆ ಮಂಜೂರಾತಿ ಪಡೆಯುವುದು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಏನಾಯಿತು ಎನ್ನಬಹುದು. ಆದರೆ ದೃಢೀಕರಿಸುವುದೆಂದರೆ ಬರೆದದ್ದು ಸರಿಯಾಗಿದೆ ಎಂದು ಹೇಳುವುದಷ್ಟೇ. ಆದ ತೀರ್ಮಾನ ಒಳ್ಳೆಯದೆಂದು ಅದರ ಅರ್ಥವಲ್ಲ. ಮಂಜೂರಾತಿ ಬೇಕಾಗುವುದು ಹಣ ಕೈಬಿಡುವ ಮುಂಚೆ. ಅಂಗೀಕರಿಸಿದರೆ ವರದಿ ನಮ್ಮದೂ ಆಗಿಬಿಡುತ್ತದೆ. ಅನುಮೋದನೆಯೊಳಗಂತೂ ‘ಮೋದ’ವೇ ಕುಳಿತಿದೆ, ಜೊತೆಗೂಡಿ ಸಂತೋಷಪಡುವುದು. ಬಜೆಟ್ ಮೀರಿದ ಖರ್ಚಿಗೂ ಅದೇ ಪದವನ್ನು ಹಾಕಿದ್ದರು. ಅಲ್ಲಿ ಸಂತೋಷಪಡುವುದಕ್ಕೆ ಏನಿತ್ತೋ.

ಸಭಿಕರ ಬಾಯಲ್ಲಿ ಈ ಯಾವ ಪದವೂ ಇರಲಿಲ್ಲ. ಅಲ್ಲಿದ್ದದ್ದು ಹೂಂ, ಆಗಲಿ, ಹೋಗಲಿ, ಇರಲಿ ಬಿಡಿ, ನಿಮ್ಮಿಷ್ಟ. ನನ್ನ ಲೆಕ್ಕದಲ್ಲಿ ಕೊನೆಯದೇ ಅತ್ಯಂತ ಖಾರ. ನಿಮ್ಮಿಷ್ಟ ಎಂದವರು ಒಪ್ಪಿಲ್ಲ, ಕೈತೊಳೆದುಕೊಂಡಿದ್ದಾರೆ. ಡೇರಿಯಲ್ಲಿ ಹಾಲು ಹಾಕುವವರಿಗೆ ಇದು ದಿನದ ಅಭ್ಯಾಸ. ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) 8.5 ಬಂದರೆ ಪೂರ್ತಿ ದರ. ಅದೇ ಹಸು, ಅದೇ ಮೇವು, ಆದರೂ ಒಂದು ಬೆಳಿಗ್ಗೆ ಚೀಟಿಯಲ್ಲಿ ಎಸ್‌ಎನ್‌ಎಫ್ ಕೆಳಗಿಳಿದಿರುತ್ತದೆ. ಅದನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು “ಇರಲಿ” ಎಂದು ಹೆಂಗಸರು ಕ್ಯಾನು ತೊಳೆಯಲು ಹೊರಡುತ್ತಾರೆ. ಇದನ್ನು ಸಹನೆ ಎನ್ನಲು ನನಗೆ ಮನಸ್ಸಿಲ್ಲ. ಸ್ವಂತದವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ಅದರಲ್ಲಿ ಪ್ರೀತಿಯಿದೆ. ಇದು ನುಂಗಿಕೊಳ್ಳುವುದು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾನು ಹೆಚ್ಚಾಗಿ ಕೇಳಿರುವುದು ತಾಳಬೇಕಾದ ಗರಜಿಲ್ಲದವರ ಬಾಯಲ್ಲಿ.

ಸಭೆ ಸರಾಗವಾಗಿಯೇ ಸಾಗಿತ್ತು. ಬಜೆಟ್ ಮೀರಿದ ಖರ್ಚಿನಲ್ಲಿ ಜನರೇಟರ್ ರಿಪೇರಿಯ ಬಾಬತ್ತು ಬಂದಾಗ ಹಿಂದಿನ ಸಾಲಿನಿಂದ ವಯಸ್ಸಾದ ಸದಸ್ಯೆಯೊಬ್ಬರು ಎದ್ದರು.

“ಕರೆಂಟು ಹೋದ ದಿನ ಹಾಲು ಹುಳಿಯಾಯಿತು ಎಂದು ನಮಗೆ ದುಡ್ಡು ಹಿಡಿದಿರಿ. ಇಷ್ಟು ಖರ್ಚು ಮಾಡಿದ ಜನರೇಟರು ಅವತ್ತು ಎಲ್ಲಿಗೆ ಹೋಗಿತ್ತಪ್ಪ?”

ಅಧ್ಯಕ್ಷರು ನಕ್ಕರು. “ಯಂತ್ರ ಎಂದ ಮೇಲೆ ಕೆಡುತ್ತದಮ್ಮ. ಸ್ವಲ್ಪ ಸಹಿಸಿಕೊಳ್ಳಬೇಕು.”

“ಸಹಿಸಿಕೊಂಡೇ ಇದ್ದೇವಲ್ಲ. ಇರಲಿ ಬಿಡಿ. ಬಿಲ್ಲು ಮಾತ್ರ ತೋರಿಸಿ.”

ಬಿಲ್ಲು ತಕ್ಷಣಕ್ಕೆ ಸಿಗಲಿಲ್ಲ. ಮಿಕ್ಕವರು ಅವರ ಮುಖವನ್ನೂ ನೋಡಲಿಲ್ಲ, ಅಧ್ಯಕ್ಷರ ಮುಖವನ್ನೂ ನೋಡಲಿಲ್ಲ. “ಮೌನಂ ಸಮ್ಮತಿ ಲಕ್ಷಣಂ” ಎಂದು ಅಧ್ಯಕ್ಷರು ಮೇಜು ಕುಟ್ಟಿದರು, ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಚಿಕ್ಕಪ್ಪ ನನ್ನ ಕಿವಿಯಲ್ಲಿ ಹೇಳತೊಡಗಿದರು: “ಸದರಿ ಖರ್ಚನ್ನು ಸಭೆಯು ಸರ್ವಾನುಮತದಿಂದ ಅನುಮೋದಿಸಿತು. ಕೆಳಗೆ ಸೂಚಕರು, ಅನುಮೋದಕರು.”

ನಾನು ಪೆನ್ನು ಎತ್ತಿ ಹಿಡಿದೆ. ಬಿಲ್ಲು ಕೇಳಿದ್ದನ್ನೂ ಬರೆಯೋಣ ಎಂದೆ. “ಷರತ್ತು ಬರೆದರೆ ಆಡಿಟ್‌ನವರು ಅದನ್ನೇ ಹಿಡಿದುಕೊಂಡು ಕೂರುತ್ತಾರೆ, ನಿನಗೆ ಗೊತ್ತಾಗುವುದಿಲ್ಲ” ಎಂದರು. ಚಿಕ್ಕಪ್ಪ ಹಣ ತಿನ್ನುವವರಲ್ಲ, ಇದನ್ನು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅವರ ಪುಸ್ತಕದಲ್ಲಿ ಹಿಂದಿನ ವರ್ಷಗಳ ಹಾಳೆ ತಿರುವಿದರೆ ಊರು ಒಮ್ಮೆಯೂ ಗೊಣಗಿದ ಗುರುತಿಲ್ಲ. ಪುಟ ಪುಟವೂ ಸರ್ವಾನುಮತ.

ಅಷ್ಟರಲ್ಲಿ ಆ ಅಮ್ಮನೇ ಮೇಜಿನ ಹತ್ತಿರ ಬಂದರು. “ಏನು ಬರೆದೆಯಪ್ಪ, ಓದು.” ಓದಿದೆ. “ನಾನು ಅನುಮೋದಿಸಿದ್ದು ಯಾವಾಗ? ತಡೆದುಕೊಂಡಿದ್ದೇನೆ ಅಷ್ಟೆ. ಬಿಲ್ಲಿನ ಮಾತು ಎಲ್ಲಿ?”

ಹಿಂದೆ ಸಿಹಿಯ ಪೊಟ್ಟಣಕ್ಕೆ ನಿಂತಿದ್ದ ಸಾಲು ತಿರುಗಿ ನೋಡತೊಡಗಿತು. ಚಿಕ್ಕಪ್ಪ ಹಣೆ ಉಜ್ಜಿಕೊಂಡು “ಹಾಳಾಗಿ ಹೋಗಲಿ, ಬರಿ” ಎಂದರು. ಒಪ್ಪಿಗೆಯ ಪಟ್ಟಿಗೆ ಇದನ್ನೂ ಸೇರಿಸಬಹುದು. ‘ಸರ್ವಾನುಮತದಿಂದ’ ಎಂಬುದಕ್ಕೆ ಗೀಟೆಳೆದು, ‘ಮುಂದಿನ ಸಭೆಯಲ್ಲಿ ಬಿಲ್ಲು ಹಾಜರುಪಡಿಸುವ ಷರತ್ತಿನ ಮೇಲೆ’ ಎಂದು ಮೇಲೆ ಬರೆದೆ. ತಿದ್ದುಪಡಿಯ ಪಕ್ಕದಲ್ಲಿ ಅಧ್ಯಕ್ಷರು ಪುಟ್ಟದಾಗಿ ಸಹಿ ಹಾಕಿದರು, ನನ್ನ ಕಡೆ ನೋಡಲಿಲ್ಲ.

ಮುಂದಿನ ವರ್ಷದ ನೋಟಿಸಿನಲ್ಲೂ ಮೊದಲನೆಯ ವಿಷಯ ಹಿಂದಿನ ನಡವಳಿಯನ್ನು ಓದಿ ದೃಢೀಕರಿಸುವುದೇ. ಆ ಸಾಲನ್ನು ಚಿಕ್ಕಪ್ಪ ಮೈಕಿನಲ್ಲಿ ಗಟ್ಟಿಯಾಗಿ ಓದಬೇಕಾಗುತ್ತದೆ. ಸದ್ಯ ಅವರು ಗ್ಯಾರೇಜಿನವನ ಹಿಂದೆ ಬಿದ್ದಿದ್ದಾರೆ.