ಮಂಚವೇ ದೋಣಿಯಾದ ಕೋಣೆ

ನನ್ನ ತಂಗಿಯ ಮಗಳಿಗೆ ನಾಲ್ಕೂವರೆ ವರ್ಷ. ಕಳೆದ ಭಾನುವಾರ ಟ್ಯಾಬ್ಲೆಟ್‌ನಲ್ಲಿ ದೋಣಿಯಾಟವನ್ನು ಒಂದೇ ಬೆರಳಿನಲ್ಲಿ ಆಡಿ ಮುಗಿಸಿದವಳು, ಅಷ್ಟು ಸಾಲದೆಂಬಂತೆ ಮಂಚವನ್ನೇರಿ, ಕಸಬರಿಗೆಯನ್ನು ಹುಟ್ಟಾಗಿ ಹಿಡಿದು, “ದೊಡ್ಡಮ್ಮಾ, ಕಾಲು ಮೇಲೆ ತಗೋ, ಮೊಸಳೆ ಬಂತು!” ಎಂದು ಕೂಗಿದಳು.

ಕಾಲೆತ್ತಿಕೊಂಡು ಕುಳಿತ ನನಗೆ ನೆನಪಾದದ್ದು, 1996ರಲ್ಲಿ ಅಮೆರಿಕದ ತಂತ್ರಜ್ಞಾನ ವಿದ್ಯಾಸಂಸ್ಥೆ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ರೂಪುಗೊಂಡ ‘ಕಿಡ್ಸ್‌ರೂಮ್’ ಎಂಬ ಆಟದ ಕೋಣೆ. ಮಕ್ಕಳ ಮಲಗುವ ಕೋಣೆಯಂತೆ ಸಜ್ಜಾಗಿದ್ದ, 24 ಅಡಿ ಉದ್ದ ಮತ್ತು 18 ಅಡಿ ಅಗಲದ ಆ ಜಾಗದಲ್ಲಿ ಎರಡು ಗೋಡೆಗಳ ಮೇಲೆ ಚಿತ್ರಗಳು ಮೂಡುತ್ತಿದ್ದವು. ಮಕ್ಕಳ ಓಡಾಟವನ್ನು ಕ್ಯಾಮೆರಾಗಳು ಗಮನಿಸುತ್ತಿದ್ದವು. ಮಕ್ಕಳು ಮೈಮೇಲೆ ಯಾವ ಉಪಕರಣವನ್ನೂ ತೊಡಬೇಕಿರಲಿಲ್ಲ. ಮಾತನಾಡುವ ಪೆಟ್ಟಿಗೆ, ಕಪಾಟುಗಳಿಂದ ಮಂತ್ರದ ಪದವನ್ನು ತಿಳಿದು ಜೋರಾಗಿ ಕೂಗಿದರೆ ಕೋಣೆ ಕಾಡಾಗುತ್ತಿತ್ತು. ಮುಂದೆ ನದಿ ಬಂದಾಗ ಮಂಚವೇ ದೋಣಿ. ಮಕ್ಕಳು ಹುಟ್ಟು ಹಾಕುವಂತೆ ಕೈ ಬೀಸಿದರಷ್ಟೇ ದೋಣಿ ಸಾಗುತ್ತಿತ್ತು. ನಡುವೆ ಯಾರಾದರೂ ಕೆಳಗಿಳಿದರೆ ನೀರಿಗೆ ಬಿದ್ದ ಸದ್ದು ಕೇಳಿಸುತ್ತಿತ್ತು.

ಇದರಲ್ಲಿ ನಾನು ಮೆಚ್ಚುವುದು ಕ್ಯಾಮೆರಾಗಳನ್ನಲ್ಲ, ಕಥೆಯನ್ನು. ಗುಂಪಾಗಿ ಕುಳಿತ ಮಕ್ಕಳಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಬಿಡಿಸಿ ನೋಡುವುದು ಆ ಕಾಲದ ಕಂಪ್ಯೂಟರಿಗೆ ಕಷ್ಟ. ಆದರೆ ದೋಣಿಯ ಕಥೆಯಲ್ಲಿ ಎಲ್ಲರೂ ಒಂದೆಡೆ ಕೂರುವುದು ಸಹಜವಾದ್ದರಿಂದ, ಯಾವ ಬದಿಯಲ್ಲಿ ಎಷ್ಟು ಚಲನೆಯಿದೆ ಎಂಬುದನ್ನಷ್ಟೇ ಅದು ನೋಡಿದರೆ ಸಾಕಿತ್ತು. ಯಂತ್ರದ ಕೊರತೆಯನ್ನು ಕಥೆ ತನ್ನ ಸೆರಗಿನಲ್ಲಿ ಮುಚ್ಚಿಕೊಂಡಿತ್ತು.

ಇನ್ನೂ ಹಿಂದೆ, 1970ರ ದಶಕದಲ್ಲಿ, ಅದೇ ಎಂಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ ಓದು ಬಾರದ ಪುಟಾಣಿಗಳಿಗಾಗಿ ಚಿತ್ರದ ಕಾರ್ಡುಗಳನ್ನು ಸಾಲಾಗಿ ಸಿಕ್ಕಿಸುವ ಪೆಟ್ಟಿಗೆಯೊಂದನ್ನು ರೂಪಿಸಿದ್ದರು. ಗುಂಡಿ ಒತ್ತಿದರೆ ಕಾರ್ಡುಗಳ ಆಣತಿಯಂತೆ ನೆಲದ ಮೇಲೆ ‘ಆಮೆ’ ಎಂಬ ಪುಟ್ಟ ರೋಬಾಟ್ ಚಲಿಸುತ್ತಿತ್ತು. ಅಲ್ಲಿಯೂ ಮಗುವಿನ ಕಣ್ಣು ಪರದೆಯ ಮೇಲಲ್ಲ, ನೆಲದ ಮೇಲೆ.

ನಮ್ಮೂರಿನ ಮಾಲ್ ಒಂದರಲ್ಲಿ ಮೀನುಗಳು ಈಜುವ ಬೆಳಕಿನ ನೆಲವಿದೆ. ಟಿಕೆಟ್ಟಿನ ಬೆಲೆಯೇನೂ ಕಡಿಮೆಯಲ್ಲ. ಕಾಲಿಟ್ಟರೆ ಮೀನುಗಳು ಚದುರುತ್ತವೆ, ತೆಗೆದರೆ ಮತ್ತೆ ಸೇರುತ್ತವೆ. ಅದರಾಚೆಗೆ ಏನೂ ಇಲ್ಲ. ನಾಲ್ಕು ಸಲ ಕುಣಿದ ನಮ್ಮ ಹುಡುಗಿ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕೆಂಪು ಮೀನೊಂದಕ್ಕೆ “ನಿನ್ನ ಹೆಸರೇನು?” ಎಂದು ಕೇಳಿದಳು. ಸ್ವಲ್ಪ ಹೊತ್ತು ಕಾದು ನನ್ನ ಕಡೆ ತಿರುಗಿದಾಗ, ಮೀನಿನ ಪರವಾಗಿ ನಾನೇ ಒಂದು ಹೆಸರು ಹೇಳಬೇಕಾಯಿತು.